ನಂಬಿಕೆ ಉಳಿದು ನಿರೀಕ್ಷೆ ನಂದಿದ ಬಾಳು: ಕವಿ ವಿಲಿಯಂ ಕೂಪರ್

ಕ್ರೈಸ್ತ ಧರ್ಮಶಾಸ್ತ್ರದಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಮೂರು ಗುಣಗಳನ್ನು ಒಟ್ಟಿಗೆ ಹೆಸರಿಸುವುದು ವಾಡಿಕೆ. ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯಿಂದ ಈ ತ್ರಯ ಪ್ರಸಿದ್ಧವಾಯಿತು. ಪ್ರೀತಿಯನ್ನು ಕುರಿತು ಉಪದೇಶಕರು ಎಷ್ಟೋ ಹೇಳಿದ್ದಾರೆ. ನಂಬಿಕೆಯನ್ನು ಕುರಿತು ವಾದಗಳಿರಲಿ, ಯುದ್ಧಗಳೇ ನಡೆದಿವೆ. ನಡುವೆ ನಿಂತ ನಿರೀಕ್ಷೆಯನ್ನು ಮಾತ್ರ ನಂಬಿಕೆಯ ನೆರಳೆಂದು ಎಣಿಸಿ ಮುಂದೆ ಸಾಗುವವರೇ ಹೆಚ್ಚು. ನಮ್ಮ ನುಡಿಯಲ್ಲಿಯೂ ಇವೆರಡರ ಗಡಿ ಅಷ್ಟು ಸ್ಪಷ್ಟವಾಗಿಲ್ಲ. ಒಬ್ಬನ ಮೇಲೆ ಭರವಸೆಯಿಡುವುದು, ನಾಳೆಯ ವಿಷಯದಲ್ಲಿ ಭರವಸೆ ತಾಳುವುದು, ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು ಸಲ್ಲುತ್ತದೆ. ಬೈಬಲಿನ ಕನ್ನಡ ಅನುವಾದವು ಪೌಲನ ಎರಡನೆಯ ಗುಣಕ್ಕೆ ನಿರೀಕ್ಷೆ ಎಂಬ ಬೇರೊಂದು ಶಬ್ದವನ್ನಿಟ್ಟು ಈ ಗಂಟನ್ನು ಬಿಡಿಸಿಕೊಂಡಿದೆ.

ಶಬ್ದದ ಗಂಟು ಬಿಡಿಸಿದರೂ ಅರ್ಥದ ಗಂಟು ಉಳಿಯುತ್ತದೆ. ದೇವರನ್ನು ನಂಬಿದವನು ತನ್ನ ಪಾಲಿಗೆ ಏನನ್ನೂ ನಿರೀಕ್ಷಿಸದೆ ಇರಬಲ್ಲನೆ? ನಿರೀಕ್ಷೆ ಹೋದ ಮೇಲೆ ಉಳಿದದ್ದನ್ನು ನಂಬಿಕೆಯೆಂದು ಕರೆಯಬಹುದೆ? ಪಂಡಿತರು ಶತಮಾನಗಳಿಂದ ವಿಚಾರಿಸುತ್ತ ಬಂದ ಈ ಪ್ರಶ್ನೆಯನ್ನು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಕವಿಯೊಬ್ಬನು ಇಪ್ಪತ್ತೇಳು ವರ್ಷಗಳ ಕಾಲ ತನ್ನೊಳಗೇ ಹೊತ್ತು ಬಾಳಿದನು. ಆತನೇ ವಿಲಿಯಂ ಕೂಪರ್. ಹಿಡಿತ ತಪ್ಪಿದ ಕುದುರೆಯ ಮೇಲೆ ಊರೂರು ದಾಟಿ ಓಡುವ ಜವಳಿ ವ್ಯಾಪಾರಿ ಜಾನ್ ಗಿಲ್ಪಿನ್ನನ ನಗೆಗಥೆಯನ್ನು ಕಟ್ಟಿದವನೆಂದು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಆತನನ್ನು ಬಲ್ಲರು. ಆ ನಗೆಯ ಹಿಂದೆ ಕವಿದಿದ್ದ ಕತ್ತಲೆಯನ್ನು ಬಲ್ಲವರು ಕಡಮೆ.

ತಾಯಿ ಮತ್ತು ನಾಳೆ

ಕೂಪರನು ೧೭೩೧ರ ನವೆಂಬರಿನಲ್ಲಿ ಹಾರ್ಟ್‌ಫರ್ಡ್‌ಷೈರಿನ ಬರ್ಕ್‌ಹ್ಯಾಮ್‌ಸ್ಟೆಡ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಜಾನ್ ಕೂಪರ್ ಆ ಊರಿನ ಪಾದ್ರಿ. ತಾಯಿ ಆನ್, ಕವಿ ಜಾನ್ ಡನ್ನನ ಮನೆತನಕ್ಕೆ ಸೇರಿದವಳು. ಹೆತ್ತ ಏಳು ಮಕ್ಕಳಲ್ಲಿ ಉಳಿದವರು ಇಬ್ಬರೇ, ವಿಲಿಯಂ ಮತ್ತು ಆತನ ತಮ್ಮ ಜಾನ್. ೧೭೩೭ರಲ್ಲಿ ಈ ತಮ್ಮನನ್ನು ಹೆತ್ತ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಳು. ವಿಲಿಯಂನಿಗೆ ಆಗ ಆರು ವರ್ಷವೂ ತುಂಬಿರಲಿಲ್ಲ.

ಅಳುವ ಮಗುವನ್ನು ಕಂಡು ಮರುಗಿದ ಮನೆಯ ದಾಸಿಯರು, ಅಮ್ಮ ಬೇಗ ಬರುವಳೆಂದು ಮತ್ತೆ ಮತ್ತೆ ಹೇಳಿ ಸಮಾಧಾನ ಮಾಡುತ್ತಿದ್ದರು. ಮಗು ನಂಬಿತು, ನಂಬಿದ್ದರಿಂದ ನಾಳೆಗಾಗಿ ಕಾದಿತು, ಎಷ್ಟೋ ನಾಳೆಗಳು ಬಂದು ಹೋದವು. ಐವತ್ತಮೂರು ವರ್ಷಗಳ ಮೇಲೆ, ೧೭೯೦ರಲ್ಲಿ, ಬಂಧುವೊಬ್ಬಳು ತಾಯಿಯ ಚಿತ್ರಪಟವನ್ನು ಕಳುಹಿಸಿಕೊಟ್ಟಾಗ ಮುದಿತನದ ಹೊಸ್ತಿಲಲ್ಲಿದ್ದ ಕವಿ ಈ ಸಂಗತಿಯನ್ನೆಲ್ಲ ನೆನೆದು ಒಂದು ಕವನ ಬರೆದನು. ನಾಳೆ ಎಂಬುದು ತನ್ನನ್ನು ಮಗುತನದಿಂದಲೂ ವಂಚಿಸುತ್ತ ಬಂದಿದೆಯೆಂಬ ಭಾವ ಅದರಲ್ಲಿದೆ. ಪ್ರೀತಿಪಾತ್ರರ ಮಾತಿನಲ್ಲಿಟ್ಟ ನಂಬಿಕೆಯಿಂದಲೇ ನಿರೀಕ್ಷೆ ಹುಟ್ಟುತ್ತದೆಂಬುದನ್ನೂ, ಆ ಮಾತು ಸುಳ್ಳಾದರೆ ನಿರೀಕ್ಷೆಯ ಬೇರಿಗೇ ಪೆಟ್ಟು ಬೀಳುವುದೆಂಬುದನ್ನೂ ಆತನು ಯಾವ ಗ್ರಂಥದಿಂದಲೂ ಕಲಿಯಬೇಕಾಗಿರಲಿಲ್ಲ.

ತಾಯಿಯಿಲ್ಲದ ಹುಡುಗನನ್ನು ವಸತಿಶಾಲೆಗೆ ಕಳುಹಿಸಿದರು. ಅಲ್ಲಿ ಹಿರಿಯ ಹುಡುಗನೊಬ್ಬನು ಆತನನ್ನು ಎಷ್ಟು ಗೋಳು ಹೊಯ್ದುಕೊಂಡನೆಂದರೆ, ಆ ಪೀಡಕನ ಮುಖವನ್ನು ನೋಡಲೂ ಧೈರ್ಯವಿಲ್ಲದೆ, ಪಾದರಕ್ಷೆಯ ಬಕ್ಕಲಿನಿಂದಲೇ ಆತನನ್ನು ಗುರುತಿಸುತ್ತಿದ್ದೆನೆಂದು ಕೂಪರನು ಮುಂದೆ ಬರೆದುಕೊಂಡಿದ್ದಾನೆ. ಅನಂತರ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆ. ಅಲ್ಲಿ ಮನಸ್ಸು ಅರಳಿತು. ಲ್ಯಾಟಿನ್, ಗ್ರೀಕ್ ಕಾವ್ಯಗಳ ರುಚಿ ಹತ್ತಿತು. ಮುಂದೆ ಬಂಗಾಳದ ಗವರ್ನರ್ ಜನರಲ್ ಆದ ವಾರೆನ್ ಹೇಸ್ಟಿಂಗ್ಸನು ಅಲ್ಲಿ ಆತನ ಸಹಪಾಠಿಗಳಲ್ಲೊಬ್ಬನು. ಹೇಸ್ಟಿಂಗ್ಸನು ಭಾರತದಲ್ಲಿ ನಡೆಸಿದ ಆಡಳಿತಕ್ಕಾಗಿ ಪಾರ್ಲಿಮೆಂಟಿನ ಮುಂದೆ ವಿಚಾರಣೆಗೆ ನಿಂತಿದ್ದಾಗ ಕೂಪರನು ಹಳೆಯ ಗೆಳೆತನವನ್ನು ನೆನೆದು ೧೭೯೨ರಲ್ಲಿ ಆತನ ಪರವಾಗಿ ಒಂದು ಕಿರುಗವನವನ್ನೂ ಬರೆದನು.

ಶಾಲೆ ಮುಗಿದ ಮೇಲೆ ಮನೆಯವರ ಇಚ್ಛೆಯಂತೆ ನ್ಯಾಯಶಾಸ್ತ್ರವನ್ನು ಓದಿ ೧೭೫೪ರಲ್ಲಿ ವಕೀಲನಾದನು. ವೃತ್ತಿಯಲ್ಲಿ ಮನಸ್ಸಿರಲಿಲ್ಲ. ದೊಡ್ಡಪ್ಪ ಚಿಕ್ಕಪ್ಪಂದಿರಲ್ಲಿ ಒಬ್ಬನಾದ ಆ್ಯಷ್ಲಿ ಕೂಪರನ ಮಗಳು ಥಿಯೊಡೋರಾಳನ್ನು ಪ್ರೀತಿಸಿದನು; ಆಕೆಯ ತಂದೆ ಮದುವೆಗೆ ಒಪ್ಪಲಿಲ್ಲ. ಆಕೆ ಕಡೆಯವರೆಗೂ ಅವಿವಾಹಿತೆಯಾಗಿಯೇ ಉಳಿದಳು. ಈ ವರ್ಷಗಳಲ್ಲಿಯೇ ವಿಷಾದದ ಮೊದಲ ಮುಸುಕು ಆತನ ಮನಸ್ಸನ್ನು ಕವಿದು ಸರಿಯಿತು.

ಒಂದು ವಚನ ತೆರೆದ ಬಾಗಿಲು

೧೭೬೩ರಲ್ಲಿ ಬಂಧುವೊಬ್ಬನ ಪ್ರಭಾವದಿಂದ ಪ್ರಭುಸಭೆಯ ದಾಖಲೆಗಳನ್ನು ನೋಡಿಕೊಳ್ಳುವ ಗುಮಾಸ್ತೆಯ ಹುದ್ದೆ ಆತನಿಗೆ ದೊರೆಯುವಂತಾಯಿತು. ಆದರೆ ನೇಮಕಕ್ಕೆ ವಿರೋಧ ಬಂದುದರಿಂದ ಸಭೆಯ ಮುಂದೆ ನಿಂತು ಪರೀಕ್ಷೆಗೆ ಒಳಗಾಗಬೇಕೆಂದು ತಿಳಿದುಬಂತು. ಇತರರಿಗೆ ಇದು ಅಲ್ಪ ಸಂಗತಿ. ಕೂಪರನಿಗೆ ಮರಣದಂಡನೆಯಂತೆ ತೋರಿತು. ದಿನ ಸಮೀಪಿಸಿದಂತೆ ಬುದ್ಧಿ ಕದಡಿ, ಪ್ರಾಣವನ್ನೇ ನೀಗಿಕೊಳ್ಳಲು ಯತ್ನಿಸಿದನು. ಪ್ರಾಣ ಉಳಿಯಿತು; ಆದರೆ ಕ್ಷಮೆಯಿಲ್ಲದ ಪಾಪ ಮಾಡಿದೆನೆಂಬ ಭೀತಿ ಮನಸ್ಸನ್ನು ಹೊಕ್ಕಿತು. ಬಂಧುಗಳು ಆತನನ್ನು ಸೇಂಟ್ ಆಲ್ಬನ್ಸಿನಲ್ಲಿ ಡಾಕ್ಟರ್ ನಥಾನಿಯಲ್ ಕಾಟನ್ ನಡೆಸುತ್ತಿದ್ದ ಮನೋರೋಗಿಗಳ ಆಶ್ರಯಕ್ಕೆ ಸೇರಿಸಿದರು. ಕಾಟನ್ ದಯಾಳು, ಭಕ್ತ, ತಾನೂ ಕವಿ. ಆ ಕಾಲದ ಹುಚ್ಚಾಸ್ಪತ್ರೆಗಳ ಸಂಕೋಲೆ ಏಟುಗಳ ನಡುವೆ ಇಂಥ ವೈದ್ಯನು ಸಿಕ್ಕಿದ್ದು ಕೂಪರನ ಭಾಗ್ಯ.

೧೭೬೪ರ ಬೇಸಗೆಯಲ್ಲಿ ಒಂದು ದಿನ ಆತನು ಅಲ್ಲಿದ್ದ ಬೈಬಲನ್ನು ತೆರೆದಾಗ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದ ಇಪ್ಪತ್ತೈದನೆಯ ವಚನ ಕಣ್ಣಿಗೆ ಬಿತ್ತು. ಕ್ರಿಸ್ತನ ಬಲಿಯಿಂದ ಪಾಪಗಳಿಗೆ ಪರಿಹಾರವುಂಟೆಂದೂ ನಂಬಿಕೆಯಿಂದ ಅದು ದೊರೆಯುವುದೆಂದೂ ಆ ವಚನದ ತಾತ್ಪರ್ಯ. ಹಿಂದೆ ಎಷ್ಟೋ ಸಲ ಕೇಳಿದ್ದ ಮಾತೇ. ಆದರೆ ಅಂದು ಅದು ತನ್ನನ್ನೇ ಹೆಸರು ಹಿಡಿದು ಕರೆದಂತೆ ತೋರಿತು. ಎಲ್ಲರಿಗೂ ಉಂಟು ಎಂಬುದು ನನಗೂ ಉಂಟು ಎಂದಾಯಿತು. ಕಣ್ಣೀರು ಹರಿಯಿತು, ಭಯ ಕರಗಿತು. ಲೋಕದ ನಂಬಿಕೆಯೊಂದು ಒಬ್ಬನ ನಿರೀಕ್ಷೆಯಾಗಿ ಮಾರ್ಪಟ್ಟ ಗಳಿಗೆ ಅದು.

೧೭೬೫ರಲ್ಲಿ ಗುಣ ಹೊಂದಿ ಹೊರಬಂದ ಕೂಪರನು ಹಂಟಿಂಗ್‌ಡನ್ ಎಂಬ ಊರಿನಲ್ಲಿ ಅನ್‌ವಿನ್ ಎಂಬ ಪಾದ್ರಿಯ ಕುಟುಂಬದೊಡನೆ ನೆಲೆಸಿದನು. ೧೭೬೭ರಲ್ಲಿ ಮನೆಯ ಯಜಮಾನನು ಕುದುರೆಯಿಂದ ಬಿದ್ದು ಸತ್ತ ಮೇಲೆ, ಆತನ ವಿಧವೆ ಮೇರಿ ಅನ್‌ವಿನ್ ಮತ್ತು ಕೂಪರ್ ಬಕಿಂಗ್‌ಹ್ಯಾಮ್‌ಷೈರಿನ ಓಲ್ನಿ ಎಂಬ ಊರಿಗೆ ಬಂದರು. ಲೇಸು ಹೆಣೆದು ಹೊಟ್ಟೆ ಹೊರೆಯುವ ಬಡವರ ಊರು ಅದು. ಅಲ್ಲಿಗೆ ಅವರನ್ನು ಎಳೆದದ್ದು ಜಾನ್ ನ್ಯೂಟನ್ ಎಂಬ ಪಾದ್ರಿಯ ಸ್ನೇಹ.

ನ್ಯೂಟನ್ನನ ಕಥೆಯೇ ಒಂದು ಪುರಾಣ. ತಾರುಣ್ಯದಲ್ಲಿ ನಾವಿಕ, ಅನಂತರ ಆಫ್ರಿಕದ ಜನರನ್ನು ಹೇರಿಕೊಂಡು ಹೋಗಿ ಮಾರುವ ಹಡಗಿನ ಕಪ್ತಾನ. ೧೭೪೮ರ ಒಂದು ಬಿರುಗಾಳಿಯಲ್ಲಿ ಸಾವಿನ ಬಾಯಿಂದ ಪಾರಾದ ಮೇಲೆ ಮನಸ್ಸು ದೇವರ ಕಡೆ ತಿರುಗಿತು. ಬಹುಕಾಲದ ಮೇಲೆ, ೧೭೬೪ರಲ್ಲಿ, ದೀಕ್ಷೆ ಪಡೆದು ಓಲ್ನಿಗೆ ಬಂದನು. ತನ್ನಂಥವನನ್ನೇ ಕ್ಷಮಿಸಿದ ದೇವರು ಯಾರನ್ನು ತಾನೆ ಬಿಟ್ಟಾನು ಎಂಬುದು ಆತನ ಧರ್ಮದ ತಿರುಳು. ಕೂಪರ್ ಮತ್ತು ನ್ಯೂಟನ್ ದಿನವೂ ಜೊತೆಗೂಡಿ ನಡೆದರು, ಬಡವರ ಗುಡಿಸಲುಗಳಿಗೆ ಹೋದರು, ಪ್ರಾರ್ಥನಾಕೂಟಗಳನ್ನು ನಡೆಸಿದರು. ಇಬ್ಬರೂ ಸೇರಿ ಊರ ಜನರಿಗಾಗಿ ಸ್ತುತಿಗೀತೆಗಳನ್ನು ಬರೆಯತೊಡಗಿದರು. ೧೭೭೯ರಲ್ಲಿ ಅಚ್ಚಾದ ಆ ಸಂಕಲನದಲ್ಲಿ ೩೪೮ ಗೀತೆಗಳಿವೆ. ಕೂಪರನವು ಅದರ ಐದನೆಯ ಒಂದು ಭಾಗದಷ್ಟು ಮಾತ್ರ. ಇನ್ನೂ ಹೆಚ್ಚು ಬರೆಯಲು ಆತನಿಂದ ಆಗಲಿಲ್ಲ.

ಕನಸಿನ ತೀರ್ಪು

೧೭೭೩ರ ಹೊಸವರ್ಷದ ದಿನ ಓಲ್ನಿಯ ದೇವಾಲಯದಲ್ಲಿ ನ್ಯೂಟನ್ನನು ದಾವೀದನು ದೇವರ ಮುಂದೆ ಕುಳಿತು ಕೃಪೆಯನ್ನು ನೆನೆದ ಪ್ರಸಂಗವನ್ನು ಕುರಿತು ಉಪದೇಶ ಮಾಡಿದನು. ದೇವರ ಅದ್ಭುತ ಕೃಪೆಯನ್ನು ಹಾಡುವ ಆತನ ಗೀತೆ, ಇಂದು ಲೋಕವೆಲ್ಲ ಬಲ್ಲ ಗೀತೆ, ಆ ದಿನದ ಉಪದೇಶದೊಡನೆ ಹುಟ್ಟಿದ್ದು. ಅದೇ ದಿನ ಕೂಪರನು ಹೊಲಗಳಲ್ಲಿ ತಿರುಗಾಡುತ್ತಿದ್ದಾಗ ಮತ್ತೆ ಕತ್ತಲೆ ಕವಿಯಲಿರುವುದರ ಸುಳಿವು ಆತನಿಗೆ ದೊರೆಯಿತೆಂದೂ, ಮನೆಗೆ ಮರಳಿ ತನ್ನ ಅತ್ಯುತ್ತಮ ಸ್ತುತಿಗೀತೆಯನ್ನು ಬರೆದನೆಂದೂ ಪರಂಪರೆಯ ಮಾತು. ದೇವರ ನಡೆ ನಿಗೂಢವಾದರೂ, ಬಿರುಗಾಳಿಯನ್ನೇ ವಾಹನವಾಗಿ ಉಳ್ಳವನು ಆತನಾದುದರಿಂದ ಅಂಜಬೇಕಾಗಿಲ್ಲವೆಂಬುದು ಅದರ ಭಾವ. ಒಬ್ಬನು ಕೃಪೆಯನ್ನು ಕಂಡು ಹಾಡಿದನು. ಇನ್ನೊಬ್ಬನು ಕಾಣದೆಯೇ ಹಾಡಿದನು.

ಮರುತಿಂಗಳು ಕೂಪರನಿಗೆ ಒಂದು ಕನಸು ಬಿತ್ತು. ಆ ಕನಸಿನಲ್ಲಿ ಒಂದು ನುಡಿ ಕೇಳಿತು. ಆತನ ಕಥೆ ಮುಗಿಯಿತು, ಆತನು ನಾಶವಾದನು ಎಂಬುದು ಅದರ ಅರ್ಥ. ಎಚ್ಚರವಾದ ಮೇಲೂ ಆತನು ಅದನ್ನು ಕನಸೆಂದು ತಳ್ಳಿಹಾಕಲಿಲ್ಲ. ದೇವರೇ ನೀಡಿದ ತೀರ್ಪೆಂದು ತಿಳಿದನು. ಆ ವರ್ಷದ ಶರತ್ಕಾಲದಲ್ಲಿ, ಅಬ್ರಹಾಮನಿಂದ ಇಸಾಕನನ್ನು ಕೇಳಿದಂತೆ ದೇವರು ತನ್ನಿಂದ ತನ್ನ ಪ್ರಾಣವನ್ನೇ ಬಲಿಯಾಗಿ ಕೇಳುತ್ತಿರುವನೆಂಬ ಭ್ರಮೆ ಬಲವಾಗಿ ಮತ್ತೆ ಸಾವಿನ ಅಂಚಿಗೆ ಹೋಗಿಬಂದನು. ಅದು ಕೈಗೂಡದೆ ಹೋದಾಗ, ದೇವರ ಆಜ್ಞೆಯನ್ನು ಮೀರಿದ್ದರಿಂದ ತಾನು ಎಂದೆಂದಿಗೂ ತ್ಯಕ್ತನಾದೆನೆಂಬ ನಿಶ್ಚಯ ಬೇರೂರಿತು. ಮೇರಿಯೊಡನೆ ನಿಶ್ಚಯವಾಗಿದ್ದ ಮದುವೆ ನಿಂತುಹೋಯಿತು. ನ್ಯೂಟನ್ನನು ಆತನನ್ನು ತನ್ನ ಮನೆಯಲ್ಲಿಯೇ ಒಂದು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡು ನೋಡಿಕೊಂಡನು. ಗುಣವಾದ ಮೇಲೂ ಕೂಪರನು ದೇವಾಲಯದೊಳಗೆ ಕಾಲಿಡಲಿಲ್ಲ. ಪ್ರಾರ್ಥಿಸುವ ಹಕ್ಕು ತನಗಿಲ್ಲವೆಂದು ಪ್ರಾರ್ಥನೆಯನ್ನೂ ಬಿಟ್ಟನು.

ಇಂದಿನ ವೈದ್ಯರು ಇದರಲ್ಲಿ ಮರುಕಳಿಸುವ ಖಿನ್ನತೆಯ ರೋಗವನ್ನು ಗುರುತಿಸುತ್ತಾರೆ. ಆ ನಿದಾನವನ್ನು ಒಪ್ಪಲು ಅಡ್ಡಿಯಿಲ್ಲ. ನಿರೀಕ್ಷೆ ಏಕೆ ಹೋಯಿತೆಂಬುದಕ್ಕೆ ರೋಗವೇ ಉತ್ತರವಿರಬಹುದು. ಆದರೆ ಅದು ಹೋದ ಮೇಲೆ ಆತನಲ್ಲಿ ಏನು ಉಳಿಯಿತೆಂಬುದು ಬೇರೆಯ ಪ್ರಶ್ನೆ. ಆತನು ನಾಸ್ತಿಕನಾಗಲಿಲ್ಲ. ದೇವರು ಇಲ್ಲವೆಂದಾಗಲಿ ಕ್ರೂರಿಯೆಂದಾಗಲಿ ಸಾರಲಿಲ್ಲ. ಕ್ರಿಸ್ತನು ಪಾಪಿಗಳನ್ನು ರಕ್ಷಿಸುವನೆಂಬುದರಲ್ಲಿ ಆತನಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ರಕ್ಷಣೆ ಎಲ್ಲ ಪಾಪಿಗಳಿಗೂ ತೆರೆದಿದೆ. ತನಗೊಬ್ಬನಿಗೆ ಮಾತ್ರ ಮುಚ್ಚಿದೆ. ಇದು ಆತನ ನಿಲುವು.

ಇಲ್ಲಿ ಒಂದು ವಿಪರ್ಯಾಸವಿದೆ. ದೇವರು ಒಮ್ಮೆ ಆರಿಸಿಕೊಂಡವನು ಎಂದಿಗೂ ಕೈಬಿಟ್ಟು ಹೋಗಲಾರನೆಂಬುದು ನ್ಯೂಟನ್ನನೂ ಕೂಪರನೂ ಒಪ್ಪಿದ್ದ ಕ್ಯಾಲ್ವಿನನ ಮತದ ಮುಖ್ಯ ತತ್ತ್ವ. ೧೭೬೪ರಲ್ಲಿ ಕೃಪೆ ಪಡೆದವನು ೧೭೭೩ರಲ್ಲಿ ತ್ಯಕ್ತನಾಗುವುದು ಆ ಮತದ ಪ್ರಕಾರ ಅಸಾಧ್ಯ. ನ್ಯೂಟನ್ನನು ಇದನ್ನು ಎಷ್ಟೋ ಸಲ ಎತ್ತಿ ತೋರಿಸಿದನು. ಕೂಪರನು ತತ್ತ್ವವನ್ನು ಅಲ್ಲಗಳೆಯಲಿಲ್ಲ. ಇಡೀ ಸೃಷ್ಟಿಯಲ್ಲಿ ತನ್ನದೊಂದೇ ಅಪವಾದವೆಂದನು. ಕನಸಿನ ನುಡಿ ದೇವರದೆಂದು ನಂಬಿದ್ದರಿಂದಲೇ ಆತನು ಹತಾಶನಾದನು. ದೇವರ ಮಾತು ಸುಳ್ಳಾಗದೆಂಬ ನಂಬಿಕೆ ಆತನ ನಿರೀಕ್ಷೆಗೆ ತಾಯಿಯಾಗುವ ಬದಲು ಮೃತ್ಯುವಾಯಿತು.

ಪಂಡಿತರ ಮೂರು ಉತ್ತರಗಳು

ಇಂಥ ಸ್ಥಿತಿಯನ್ನು ಧರ್ಮಶಾಸ್ತ್ರಜ್ಞರು ಮೊದಲೇ ಆಲೋಚಿಸಿರಲಿಲ್ಲವೆಂದಲ್ಲ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನ ಮತದಲ್ಲಿ ನಂಬಿಕೆ ಬುದ್ಧಿಯ ಗುಣ, ನಿರೀಕ್ಷೆ ಇಚ್ಛಾಶಕ್ತಿಯ ಗುಣ. ನಿರೀಕ್ಷೆಯ ವಸ್ತು ಒಳಿತಾಗಿರಬೇಕು, ಮುಂದೆ ಬರುವಂಥದಾಗಿರಬೇಕು, ಕಷ್ಟಸಾಧ್ಯವಾಗಿರಬೇಕು, ಆದರೂ ಸಾಧ್ಯವಾಗಿರಬೇಕು. ಆ ಸಾಧ್ಯತೆಯನ್ನು ತೋರಿಸಿಕೊಡುವುದು ನಂಬಿಕೆಯ ಕೆಲಸ. ಆದುದರಿಂದ ನಂಬಿಕೆ ಮುಂದು, ನಿರೀಕ್ಷೆ ಹಿಂದು. ಮುಂದಿರುವುದು ಉಳಿದು ಹಿಂದಿರುವುದು ಕಳೆದುಹೋಗಬಹುದೆ? ಹೋಗಬಹುದೆಂದು ಅಕ್ವಿನಾಸನು ಹೇಳುತ್ತಾನೆ. ಸಾಮಾನ್ಯವಾಗಿ ಪಾಪಕ್ಕೆ ಕ್ಷಮೆಯುಂಟೆಂದು ಒಪ್ಪಿದವನೇ, ತನ್ನ ಈಗಿನ ಸ್ಥಿತಿಯಲ್ಲಿ ತನಗೆ ಅದು ಇಲ್ಲವೆಂದು ವಿಶೇಷದಲ್ಲಿ ತಪ್ಪಾಗಿ ನಿರ್ಣಯಿಸಬಹುದು. ಐನೂರು ವರ್ಷ ಮೊದಲೇ ಬರೆದ ಈ ವಾಕ್ಯಗಳು ಕೂಪರನನ್ನೇ ಎದುರಿಗೆ ಕೂರಿಸಿಕೊಂಡು ಬರೆದಂತಿವೆ.

ಹದಿನಾರನೆಯ ಶತಮಾನದ ಸುಧಾರಕರಿಗೆ ಈ ವಿಂಗಡಣೆ ಸಾಲದೆನಿಸಿತು. ಲೂಥರನ ದೃಷ್ಟಿಯಲ್ಲಿ ನಂಬಿಕೆಯೆಂದರೆ ಒಂದು ಸಂಗತಿಯನ್ನು ನಿಜವೆಂದು ಒಪ್ಪುವುದಷ್ಟೇ ಅಲ್ಲ. ಅದು ನನಗಾಗಿಯೇ ಆದದ್ದೆಂದು ಎದೆಯೊಡ್ಡಿ ಆತುಕೊಳ್ಳುವುದು. ಕ್ಯಾಲ್ವಿನನು ತನ್ನ ಮಹಾಗ್ರಂಥದ ಮೂರನೆಯ ಭಾಗದಲ್ಲಿ ಇನ್ನೂ ಮುಂದೆ ಹೋಗುತ್ತಾನೆ. ದೇವರು ಸತ್ಯವಂತನೆಂದು ತಿಳಿಯುವುದು ನಂಬಿಕೆ. ಆ ಸತ್ಯ ತಕ್ಕ ಕಾಲದಲ್ಲಿ ತೋರಿಬರುವುದೆಂದು ಕಾಯುವುದು ನಿರೀಕ್ಷೆ. ನಂಬಿಕೆ ಬುನಾದಿ, ನಿರೀಕ್ಷೆ ಅದನ್ನು ಪೋಷಿಸಿ ನಿಲ್ಲಿಸುವ ಆಧಾರ. ಎಲ್ಲಿ ನಿರೀಕ್ಷೆಯಿಲ್ಲವೋ ಅಲ್ಲಿ ನಂಬಿಕೆಯ ಮಾತು ಎಷ್ಟೇ ಸೊಗಸಾಗಿದ್ದರೂ ನಂಬಿಕೆಯಿಲ್ಲವೆಂದೇ ಆತನ ತೀರ್ಮಾನ. ಕೂಪರನ ಎದೆಗೆ ಇದು ಎಂಥ ಇರಿತವಾಗಿರಬೇಕು! ತನ್ನ ಮತದ ಆಚಾರ್ಯನೇ ತನ್ನ ವಿರುದ್ಧ ಸಾಕ್ಷಿ ನುಡಿದಂತಾಯಿತು.

ಆಚಾರ್ಯನ ಶಿಷ್ಯರು ಜನರ ದುಃಖವನ್ನು ಹತ್ತಿರದಿಂದ ಕಂಡವರು. ಅವರು ಮಾತನ್ನು ಸ್ವಲ್ಪ ಸಡಿಲಿಸಿದರು. ೧೬೪೬ರಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣದ ಹದಿನೆಂಟನೆಯ ಅಧ್ಯಾಯದಲ್ಲಿ, ರಕ್ಷಣೆಯ ನಿಶ್ಚಯ ನಂಬಿಕೆಯ ಸಾರಕ್ಕೆ ಸೇರಿದ್ದಲ್ಲವೆಂದೂ, ನಿಜವಾದ ಭಕ್ತನು ಅದಕ್ಕಾಗಿ ದೀರ್ಘಕಾಲ ಕಾಯಬೇಕಾಗಬಹುದೆಂದೂ, ಪಡೆದದ್ದೂ ಅಲುಗಾಡಬಹುದೆಂದೂ ಹೇಳಿದೆ. ದೀಪ ಕಾಣದಿದ್ದರೂ ಕಿಡಿ ಬೂದಿಯೊಳಗಿರಬಹುದು. ನ್ಯೂಟನ್ನನ ಸಾಂತ್ವನದ ದಾರಿ ಇದೇ ಆಗಿತ್ತು. ತನ್ನ ವಿಷಯದಲ್ಲಿ ಕೂಪರನು ಹೇಳಿಕೊಳ್ಳುವ ಸಾಕ್ಷ್ಯವನ್ನು ಆತನು ಗೌರವದಿಂದ ಕೇಳಿದನು. ತೀರ್ಪನ್ನು ಮಾತ್ರ ಒಪ್ಪಲಿಲ್ಲ.

ಮೊಲಗಳು, ಸೌತೆಯ ಮಡಿ, ಸೋಫ

ನಿರೀಕ್ಷೆಯಿಲ್ಲದವನು ದಿನ ಕಳೆಯುವುದು ಹೇಗೆ? ಕೂಪರನು ಕೈಗಳಿಗೆ ಕೆಲಸ ಕೊಟ್ಟನು. ೧೭೭೪ರಲ್ಲಿ ನೆರೆಯವರು ಕೊಟ್ಟ ಮೂರು ಮೊಲದ ಮರಿಗಳನ್ನು ಸಾಕಿದನು. ಅವುಗಳಿಗೆ ಗೂಡುಗಳನ್ನು ತಾನೇ ಮಾಡಿದನು. ಒಂದೊಂದರ ಸ್ವಭಾವವನ್ನೂ ಬೇರೆ ಬೇರೆಯಾಗಿ ಅರಿತನು. ೧೭೮೪ರಲ್ಲಿ ಒಂದು ಪತ್ರಿಕೆಗೆ ಅವುಗಳ ಚರಿತ್ರೆಯನ್ನೇ ಬರೆದು ಕಳುಹಿಸಿದನು. ಅವುಗಳಲ್ಲಿ ಪುಸ್ ಎಂಬುದು ಆತನ ಪೋಷಣೆಯಲ್ಲಿ ಹನ್ನೆರಡು ವರ್ಷಕ್ಕೆ ಒಂದು ತಿಂಗಳು ಕಡಮೆ ಬದುಕಿತು. ಬಡಗಿಯ ಕೆಲಸ ಕಲಿತನು, ಚಿತ್ರ ಬರೆದನು, ಗಾಜಿನ ಮನೆ ಕಟ್ಟಿ ಗಿಡ ಬೆಳೆಸಿದನು, ಚಳಿನಾಡಿನಲ್ಲಿ ಗೊಬ್ಬರದ ಬಿಸಿಯಿಂದ ಸೌತೆಯನ್ನು ಫಲಿಸುವ ವಿದ್ಯೆಯನ್ನು ಸಾಧಿಸಿ, ಅದನ್ನು ಕಾವ್ಯದಲ್ಲಿಯೂ ವರ್ಣಿಸಿದನು. ಬೀಜ ಬಿತ್ತುವವನು ಮೊಳಕೆಯನ್ನು ನಿರೀಕ್ಷಿಸದೆ ಇರಲಾರನು. ಪರಲೋಕದ ನಿರೀಕ್ಷೆ ಸತ್ತವನಲ್ಲಿ ಇಹದ ಸಣ್ಣ ನಿರೀಕ್ಷೆಗಳು ಹೀಗೆ ಪ್ರತಿ ವಸಂತದಲ್ಲಿಯೂ ತಲೆಯೆತ್ತಿದವು. ಜನವರಿ ಬಂತೆಂದರೆ ಮಾತ್ರ ಹಳೆಯ ಕನಸಿನ ನೆನಪಿನಿಂದ ನಡುಗುತ್ತಿದ್ದನು.

ನ್ಯೂಟನ್ನನು ಲಂಡನ್ನಿಗೆ ವರ್ಗವಾಗಿ ಹೋದ ಮೇಲೆ ಮೇರಿಯ ಪ್ರೇರಣೆಯಿಂದ ದೀರ್ಘ ಕವನಗಳನ್ನು ಬರೆಯಲಾರಂಭಿಸಿದನು. ಐವತ್ತು ವರ್ಷ ತುಂಬಿದ ಮೇಲೆ, ೧೭೮೨ರಲ್ಲಿ, ಮೊದಲ ಕವನಸಂಗ್ರಹ ಹೊರಬಂತು. ಅದೇ ವರ್ಷ ಗೆಳತಿ ಲೇಡಿ ಆಸ್ಟಿನ್ ಆತನ ಬೇಸರ ಕಳೆಯಲೆಂದು ಗಿಲ್ಪಿನ್ನನ ಕಥೆಯನ್ನು ಹೇಳಿದಳು. ಇರುಳೆಲ್ಲ ನಕ್ಕು ಬೆಳಗಾಗುತ್ತಲೇ ಅದನ್ನು ಲಾವಣಿಯಾಗಿ ಕಟ್ಟಿದನು. ನಗಿಸಿದ ಆ ಸಾಲುಗಳು ತನ್ನ ಅತ್ಯಂತ ದುಃಖದ ಕಾಲದಲ್ಲಿ ಹುಟ್ಟಿದವೆಂದು ಆತನೇ ಬಳಿಕ ಹೇಳಿದ್ದುಂಟು. ಸರಳರಗಳೆಯಂಥ ಪ್ರಾಸವಿಲ್ಲದ ಛಂದಸ್ಸಿನಲ್ಲಿ ಬರೆಯೆಂದು ಆಕೆಯೇ ಒತ್ತಾಯಿಸಿದಾಗ, ವಸ್ತು ಯಾವುದೆಂದು ಕೇಳಿದನು. ಎದುರಿಗಿದ್ದ ಸೋಫವನ್ನೇ ಆಕೆ ವಸ್ತುವಾಗಿ ಕೊಟ್ಟಳು. ಅದರಿಂದ ಬೆಳೆದದ್ದು ೧೭೮೫ರ ‘ದಿ ಟಾಸ್ಕ್’ ಎಂಬ ಆರು ಸರ್ಗಗಳ ಮಹಾಕೃತಿ. ಹೊಲ, ಹಿಮ, ಸಂಜೆಯ ಅಂಚೆ, ಮನೆಯ ಒಲೆ, ಇವುಗಳನ್ನು ಕಾವ್ಯಕ್ಕೆ ಯೋಗ್ಯವೆಂದು ತೋರಿಸಿ ವರ್ಡ್ಸ್‌ವರ್ತನಿಗೆ ದಾರಿ ಮಾಡಿಕೊಟ್ಟ ಕೃತಿ ಅದು.

ಆ ಕಾವ್ಯದ ಮೂರನೆಯ ಸರ್ಗದಲ್ಲಿ ಕವಿ ತನ್ನನ್ನು ಬಾಣ ತಾಗಿ ಹಿಂಡನ್ನು ಬಿಟ್ಟ ಜಿಂಕೆಗೆ ಹೋಲಿಸುತ್ತಾನೆ. ತಾನೂ ಬಾಣಗಳಿಂದ ಗಾಯಗೊಂಡವನೊಬ್ಬನು ಬಂದು ಆ ಬಾಣಗಳನ್ನು ಮೆಲ್ಲನೆ ಕಿತ್ತು ಗುಣಪಡಿಸಿದನೆನ್ನುತ್ತಾನೆ. ಆ ಗಾಯಾಳು ವೈದ್ಯನು ಕ್ರಿಸ್ತನೆಂಬುದು ಸ್ಪಷ್ಟ. ಅದೇ ವರ್ಷಗಳ ಖಾಸಗಿ ಪತ್ರಗಳಲ್ಲಿ ತಾನು ತ್ಯಕ್ತನೆಂಬ ಹಳೆಯ ಪಲ್ಲವಿಯೇ ಇದೆ. ಇದನ್ನು ಕಪಟವೆನ್ನಲಾಗದು. ವೈದ್ಯನು ನಂಬಿಕಸ್ತನೆಂದು ಬಲ್ಲವನು, ತಾನು ಗುಣವಾಗೆನೆಂದು ತಿಳಿದರೂ, ವೈದ್ಯನನ್ನು ಇತರರಿಗೆ ಹೊಗಳಿ ಹೇಳಬಲ್ಲನು.

ತನಗಿಲ್ಲದ ನಿರೀಕ್ಷೆಯನ್ನು ಇತರರಿಗಾಗಿ ತಾಳುವ ಶಕ್ತಿಯೂ ಆತನಲ್ಲಿತ್ತು. ೧೭೮೮ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂಬ ಚಳವಳಿ ಎದ್ದಾಗ, ನ್ಯೂಟನ್ನನು ತನ್ನ ಹಿಂದಿನ ಪಾಪವೃತ್ತಿಯನ್ನು ಬಯಲಿಗಿಟ್ಟು ಪುಸ್ತಿಕೆ ಬರೆದನು. ಕೂಪರನು ಬೀದಿಯ ಜನ ಹಾಡಬಲ್ಲ ಲಾವಣಿಗಳನ್ನು ಕಟ್ಟಿದನು. ಒಂದರಲ್ಲಿ ಗುಲಾಮನೇ ಎದ್ದುನಿಂತು ಮಾತನಾಡಿ, ತನ್ನ ಒಡೆಯರ ಮನುಷ್ಯತ್ವವನ್ನು ಪ್ರಶ್ನಿಸುತ್ತಾನೆ. ಬ್ರಿಟಿಷ್ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಷೇಧಿಸಿದ್ದು ೧೮೦೭ರಲ್ಲಿ. ಅದನ್ನು ಕಾಣಲು ಕೂಪರನು ಬದುಕಿರಲಿಲ್ಲ.

ಬಿರುಗಾಳಿಯ ಕೊನೆಯ ಹಾಡು

೧೭೮೬ರಲ್ಲಿ ಸೋದರಬಂಧು ಲೇಡಿ ಹೆಸ್ಕೆತಳ ನೆರವಿನಿಂದ ಕೂಪರ್ ಮತ್ತು ಮೇರಿ ಹತ್ತಿರದ ವೆಸ್ಟನ್ ಅಂಡರ್‌ವುಡ್ ಎಂಬ ಹಳ್ಳಿಗೆ ಹೋದರು. ಮರುವರ್ಷವೇ ರೋಗ ಆರು ತಿಂಗಳ ಕಾಲ ಮರುಕಳಿಸಿತು. ಚೇತರಿಸಿಕೊಂಡು ಹೋಮರನ ಎರಡು ಮಹಾಕಾವ್ಯಗಳ ಅನುವಾದವನ್ನು ೧೭೯೧ರಲ್ಲಿ ಪ್ರಕಟಿಸಿದನು. ಆ ವರ್ಷದ ಕೊನೆಗೆ ಮೇರಿಗೆ ಪಾರ್ಶ್ವವಾಯು ಬಡಿಯಿತು, ೧೭೯೨ರಲ್ಲಿ ಮತ್ತೊಮ್ಮೆ. ಮೂರು ದಶಕಗಳ ಹತ್ತಿರ ಆತನನ್ನು ಕಾಯ್ದ ಕೈಗಳು ಸೂಜಿಯನ್ನು ಹಿಡಿಯಲಾರದಾದವು. ಈಗ ಆತನೇ ಆಕೆಯನ್ನು ಕಾಯ್ದನು. ತುಕ್ಕು ಹಿಡಿದ ಆ ಸೂಜಿಗಳನ್ನು ನೋಡಿ ೧೭೯೩ರಲ್ಲಿ ಆಕೆಯ ಹೆಸರಿನಲ್ಲಿ ಬರೆದ ಕವನ ಇಂಗ್ಲಿಷ್ ಭಾಷೆಯ ಅತ್ಯಂತ ಕರುಣಾಪೂರ್ಣ ಗೀತೆಗಳಲ್ಲೊಂದು.

೧೭೯೪ರಲ್ಲಿ ದೊರೆ ವರ್ಷಕ್ಕೆ ೩೦೦ ಪೌಂಡುಗಳ ವಿಶ್ರಾಂತಿವೇತನವನ್ನು ಕೊಟ್ಟಾಗ ಅದನ್ನು ಕಂಡು ಸಂತೋಷಪಡುವ ಸ್ಥಿತಿಯಲ್ಲಿ ಆತನಿರಲಿಲ್ಲ. ಮರುವರ್ಷ ತಾಯಿಯ ಕಡೆಯ ಬಂಧು, ತರುಣ ಪಾದ್ರಿ ಜಾನ್ ಜಾನ್ಸನ್, ಇಬ್ಬರನ್ನೂ ನಾರ್‌ಫೋಕಿಗೆ ಕರೆದೊಯ್ದನು. ೧೭೯೬ರ ಡಿಸೆಂಬರಿನಲ್ಲಿ ಈಸ್ಟ್ ಡೀರೆಮ್ ಎಂಬಲ್ಲಿ ಮೇರಿ ತೀರಿಕೊಂಡಳು. ಆ ಬಳಿಕ ಕೂಪರನು ಆಕೆಯ ಹೆಸರನ್ನೆತ್ತಲಿಲ್ಲವೆಂದು ಹೇಳುತ್ತಾರೆ.

೧೭೯೯ರ ಮಾರ್ಚಿನಲ್ಲಿ ಆತನು ಬರೆದ ಕೊನೆಯ ಇಂಗ್ಲಿಷ್ ಕವನ ‘ದಿ ಕ್ಯಾಸ್ಟವೇ’. ನೌಕಾಧಿಪತಿ ಆ್ಯನ್‌ಸನ್ನನ ಸಮುದ್ರಯಾನದ ವೃತ್ತಾಂತದಿಂದ ಅದರ ವಸ್ತುವನ್ನು ತೆಗೆದುಕೊಂಡನು. ಬಿರುಗಾಳಿಯಲ್ಲಿ ನಾವಿಕನೊಬ್ಬನು ಹಡಗಿನಿಂದ ಕಡಲಿಗೆ ಬೀಳುತ್ತಾನೆ. ಸಂಗಡಿಗರು ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದು ಉಳಿಸಲು ಯತ್ನಿಸುತ್ತಾರೆ. ಹಡಗನ್ನು ನಿಲ್ಲಿಸಿದರೆ ಎಲ್ಲರಿಗೂ ಸಾವು. ಗಾಳಿ ಹಡಗನ್ನು ಒಯ್ಯುತ್ತದೆ. ನೀರಿನಲ್ಲಿ ಈಜುತ್ತ ಉಳಿದವನು ಅವರ ಅವಸರವನ್ನು ಅರ್ಥಮಾಡಿಕೊಳ್ಳುತ್ತಾನೆ, ಅವರನ್ನು ದೂರಲಾರನು. ಕೊನೆಯಲ್ಲಿ ಕವಿ ತನ್ನನ್ನೂ ಆ ನಾವಿಕನನ್ನೂ ಹೋಲಿಸಿ, ತಾನು ಮುಳುಗಿದ ಮಡು ಇನ್ನೂ ಆಳವಾದುದೆಂದು ಮುಗಿಸುತ್ತಾನೆ. ೧೭೭೩ರ ಸ್ತುತಿಗೀತೆಯಲ್ಲಿ ಬಿರುಗಾಳಿಯನ್ನೇರಿ ಬಂದ ದೇವರು ಈ ಕವನದ ಬಿರುಗಾಳಿಯಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಆದರೂ ಕವನದಲ್ಲಿ ಶಾಪವಿಲ್ಲ. ದೂರಲು ಒಲ್ಲದ ಆ ನಾವಿಕನ ಸಮಾಧಾನದಲ್ಲಿ, ನ್ಯಾಯವನ್ನು ನಂಬಿದವನ ಕೊನೆಯ ಎಳೆಯೊಂದು ಕಾಣುತ್ತದೆ.

೧೮೦೦ನೆಯ ಏಪ್ರಿಲ್ ೨೫ರಂದು ಕೂಪರನು ತೀರಿಕೊಂಡನು. ಕಡೆಯ ದಿನಗಳಲ್ಲಿ ಜಾನ್ಸನ್ನನು ಪರಲೋಕದ ಮಾತು ತೆಗೆದಾಗ, ಆ ಮಾತು ಬೇಡವೆಂದು ಬೇಡಿಕೊಂಡನಂತೆ. ಪ್ರಾಣ ಹೋದ ಮೇಲೆ ಮುಖದಲ್ಲಿ ಶಾಂತಿಯೂ ಒಂದು ಬಗೆಯ ಪವಿತ್ರ ವಿಸ್ಮಯವೂ ನೆಲೆಸಿದ್ದುವೆಂದು ಜಾನ್ಸನ್ನನು ಬರೆದಿಟ್ಟನು. ಅದು ಪ್ರಮಾಣವಲ್ಲ, ಪ್ರೀತಿಸಿದವನೊಬ್ಬನ ಕಣ್ಣು ಕಂಡದ್ದು. ಆದರೆ ಆ ಕಣ್ಣಿನ ವಿಷಯದಲ್ಲಿಯೂ ಧರ್ಮಶಾಸ್ತ್ರಕ್ಕೆ ಹೇಳಲು ಒಂದು ಮಾತಿದೆ.

ಒಬ್ಬನು ಇನ್ನೊಬ್ಬನ ಮೋಕ್ಷವನ್ನು ನಿರೀಕ್ಷಿಸಬಹುದೆ ಎಂದು ಅಕ್ವಿನಾಸನು ಪ್ರಶ್ನಿಸಿಕೊಂಡಿದ್ದಾನೆ. ನಿರೀಕ್ಷೆ ನೇರವಾಗಿ ತನ್ನ ಒಳಿತಿಗೇ ಸಂಬಂಧಿಸಿದ್ದು. ಆದರೆ ಪ್ರೀತಿಯಿಂದ ಇಬ್ಬರು ಒಂದಾದಾಗ ಇನ್ನೊಬ್ಬನ ಒಳಿತು ತನ್ನದೇ ಆಗುವುದರಿಂದ, ಆತನಿಗಾಗಿಯೂ ನಿರೀಕ್ಷಿಸಬಹುದೆಂಬುದು ಆತನ ಉತ್ತರ. ಪೌಲನ ಮೂರು ಗುಣಗಳು ಒಂದರ ಕೈ ಒಂದು ಹಿಡಿಯುವುದು ಇಲ್ಲಿ. ಒಬ್ಬನ ಎದೆಯಲ್ಲಿ ನಂಬಿಕೆಯಿಂದ ನಿರೀಕ್ಷೆಗೆ ಹೋಗುವ ದಾರಿ ಮುರಿದುಬಿದ್ದಾಗ, ಪ್ರೀತಿ ಅದನ್ನು ಬೇರೊಬ್ಬರ ಎದೆಯ ಮೂಲಕ ಹಾಯಿಸುತ್ತದೆ. ಮೇರಿ, ನ್ಯೂಟನ್, ಲೇಡಿ ಹೆಸ್ಕೆತ್, ಜಾನ್ಸನ್, ಇವರು ಕೂಪರನ ತೀರ್ಪನ್ನು ಒಪ್ಪದೆ ಆತನ ಪಾಲಿನ ನಿರೀಕ್ಷೆಯನ್ನು ತಾವು ಹೊತ್ತರು. ಒಬ್ಬರ ತರುವಾಯ ಒಬ್ಬರು ಹೊತ್ತುದರಿಂದಲೇ ಆ ಇಪ್ಪತ್ತೇಳು ವರ್ಷಗಳು ಸಂದವು, ಕಾವ್ಯ ಹುಟ್ಟಿತು.

ಕೂಪರನನ್ನು ಡೀರೆಮಿನ ದೇವಾಲಯದಲ್ಲಿ, ಮೇರಿಯನ್ನು ಮಣ್ಣು ಮಾಡಿದ್ದ ಊರಿನಲ್ಲಿಯೇ, ಸಮಾಧಿ ಮಾಡಿದರು. ಓಲ್ನಿಯಲ್ಲಿ ಅವರಿಬ್ಬರು ಬಾಳಿದ ಮನೆ ೧೯೦೦ರಿಂದ ವಸ್ತುಸಂಗ್ರಹಾಲಯವಾಗಿದೆ. ಆತನ ಸ್ತುತಿಗೀತೆಗಳನ್ನು ಇಂಗ್ಲಿಷ್ ನುಡಿಯುವ ಸಭೆಗಳು ಇಂದಿಗೂ ಹಾಡುತ್ತವೆ. ಹಾಡುವವರಲ್ಲಿ ಎಷ್ಟೋ ಮಂದಿಗೆ ಬರೆದವನ ಕಥೆ ಗೊತ್ತಿಲ್ಲ. ಅಂಜಬೇಡವೆಂದು ಆತನು ಹೇಳಿದ್ದನ್ನು ನಂಬಿ, ನಾಳೆಯನ್ನು ಎದುರುನೋಡುತ್ತ, ಮನೆಗೆ ಹೋಗುತ್ತಾರೆ.